ದೋಣಿಯ ಮೂಲ ಬೆಲೆ ಮತ್ತು ಕೊನೆಯ ನೂರ ಮೂವತ್ತಾರು

ತಕ್ಕಡಿ ಸಾಹೇಬರ ಹಾಯಿದೋಣಿಗೆ ಒಂದು ಬೆಲೆಯಿದೆ ಎಂಬ ಸಂಗತಿ ಹೊರಬಿದ್ದದ್ದು, ಅವರು ಅದರ ಹೊಟ್ಟೆಯೊಳಗೆ ಭುಜದವರೆಗೂ ಕೈ ತೂರಿಸಿ ಒಂದು ಸತ್ತ ಏಡಿಯನ್ನು ಹುಡುಕುತ್ತಿದ್ದ ಭಾನುವಾರ. ಏಡಿ ಸಿಗಲಿಲ್ಲ. ಮಲಗುವ ಹಲಗೆಯ ಕೆಳಗಿನ ಸಂದಿಯಿಂದ ಒಂದು ಪ್ಲಾಸ್ಟಿಕ್ ಚೀಲ ಬಂತು, ಚೀಲದೊಳಗಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ಬಂತು. ಆ ದೋಣಿಯನ್ನು ಕಾರ್ಖಾನೆಯಿಂದ ಮೊಟ್ಟಮೊದಲು ಕೊಂಡವರ ರಸೀದಿ ಅದು. ತಾರೀಖು ಮೂವತ್ತಮೂರು ವರ್ಷ ಹಿಂದಿನದು. ಮೊತ್ತ ನಾಲ್ಕು ಲಕ್ಷ.

ಸಾಹೇಬರು ಕಾಗದ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಹನ್ನೊಂದು ವರ್ಷದ ಹಿಂದೆ ಅವರು ಆ ದೋಣಿಯನ್ನು ನಿವೃತ್ತ ಹಲ್ಲಿನ ಡಾಕ್ಟರೊಬ್ಬರಿಂದ ನಲವತ್ತೈದು ಸಾವಿರಕ್ಕೆ ಕೊಂಡಿದ್ದರು. ಅದರ ಜೊತೆಗೆ ಅರ್ಧ ಡಬ್ಬಿ ಬಣ್ಣವೂ ಒಂದು ಹಳೆಯ ಕೊಡೆಯೂ ಪುಕ್ಕಟೆ ಬಂದಿದ್ದವು. ಅಂದಿನಿಂದ ಆ ದೋಣಿಗೆ ವಾಸನೆಯಿತ್ತು, ವಯಸ್ಸಿತ್ತು, ಹೆಂಡತಿಯ ಬಾಯಲ್ಲಿ ಬಗೆಬಗೆಯ ಹೆಸರುಗಳಿದ್ದವು. ಬೆಲೆ ಅನ್ನುವುದೊಂದಿರಲಿಲ್ಲ.

ಸಾಹೇಬರು ಅಳತೆ ಮತ್ತು ತೂಕ ಇಲಾಖೆಯ ಇನ್ಸ್‌ಪೆಕ್ಟರು. ಹಿತ್ತಾಳೆಯ ತೂಕದ ಬೊಟ್ಟುಗಳ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅವರು ಪೇಟೆಗೆ ಇಳಿದರೆಂದರೆ ಅಂಗಡಿಯವರೆಲ್ಲ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು. ಲಂಚ ಮುಟ್ಟಿದವರಲ್ಲ, ಸುಳ್ಳು ಆಡಿದವರಲ್ಲ. ದಶಮಾಂಶದ ಮುಂದೆ ಮೂರು ಸ್ಥಾನಗಳವರೆಗೆ ಹೋಗದ ಲೆಕ್ಕವನ್ನು ಅವರು ಲೆಕ್ಕವೆಂದೇ ಒಪ್ಪುತ್ತಿರಲಿಲ್ಲ. ಇಂಥ ಮನುಷ್ಯನ ಕೈಗೆ ಹಳೆಯ ರಸೀದಿ ಸಿಗಬಾರದಿತ್ತು.

ಆ ಸಂಜೆ ಅವರು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತರು. ಮೂವತ್ತಮೂರು ವರ್ಷದಲ್ಲಿ ಬ್ರೆಡ್ಡು, ಬೂಟಿನ ಅಟ್ಟೆ, ಶಾಲೆಯ ಫೀಸು, ಸೀಮೆಸುಣ್ಣ ಇವೆಲ್ಲದರ ಬೆಲೆ ಎಷ್ಟೆಷ್ಟು ಏರಿತೆಂದು ನೋಡಿ ಸರಾಸರಿ ತೆಗೆದರು. ವರ್ಷಕ್ಕೆ ನೂರಕ್ಕೆ ಏಳು. ಅದನ್ನು ಚಕ್ರಬಡ್ಡಿಯ ಹಾಗೆ ಮೂವತ್ತಮೂರು ಸಲ ಗುಣಿಸಿದರು. ಎರಡನೆಯ ಸಲ ಮಾಡಿದರೂ ಅದೇ ಬಂತು: ಮೂವತ್ತೇಳು ಲಕ್ಷದ ಮೂವತ್ತು ಸಾವಿರದ ನೂರ ಮೂವತ್ತಾರು.

ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ತಪ್ಪಿದ್ದದ್ದು, ದೋಣಿಯೆಂದರೆ ಬ್ಯಾಂಕಿನಲ್ಲಿಟ್ಟ ಠೇವಣಿ ಎಂದು ಅವರು ನಂಬಿದ್ದರಲ್ಲಿ ಮಾತ್ರ.

"ರೀ, ಊಟಕ್ಕೆ ಮೇಜು ಬಿಡ್ತೀರಾ?" ಅಂದರು ಹೆಂಡತಿ. ಆಕೆ ಮನೆಯಲ್ಲೇ ಪರದೆಗಳನ್ನು ಹೊಲಿದುಕೊಡುತ್ತಿದ್ದರು. ಆ ದೋಣಿಯ ಹಾಯಿಯಲ್ಲಿರುವ ಹದಿನಾಲ್ಕು ತೇಪೆಗಳೂ ಆಕೆಯ ಕೈಯವು, ಹದಿನಾಲ್ಕನ್ನೂ ಬೈದುಕೊಂಡೇ ಹಾಕಿದವು.

"ನಮ್ಮ ದೋಣಿ ಇವತ್ತಿನ ಲೆಕ್ಕದಲ್ಲಿ ಮೂವತ್ತೇಳು ಲಕ್ಷದ್ದು ಕಣೇ."

"ಹೌದಾ? ಹಾಗಾದ್ರೆ ಆ ಮೂವತ್ತೇಳು ಲಕ್ಷದ ವಾಸನೆ ಅಂಗಿಯಿಂದ ಹೋಗೋ ಹಾಗೆ ಸ್ನಾನ ಮಾಡ್ಕೊಂಡು ಬನ್ನಿ."

ಸಾಹೇಬರು ಸ್ನಾನ ಮಾಡಿಕೊಂಡು ಬಂದರು. ಆದರೆ ಮಾರನೆಯ ದಿನ ರಸೀದಿಗೆ ಗಾಜಿನ ಕಟ್ಟು ಹಾಕಿಸಿದರು. ಅದರ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಇಂದಿನ ಮೌಲ್ಯವನ್ನು ಬರೆದು, ಹೊರಕೋಣೆಯ ಗೋಡೆಗೆ, ಬಂದವರ ಕಣ್ಣು ತಪ್ಪದಿರುವ ಎತ್ತರದಲ್ಲಿ ನೇತುಹಾಕಿದರು.

ಮೊದಲು ಕಣ್ಣು ಬಿದ್ದದ್ದು ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡರದು. ಅವರು ಪೇಪರು ಕೇಳಿಕೊಂಡು ಬಂದವರು ಗೋಡೆಯ ಮುಂದೆ ನಿಂತು, ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿದರು.

"ಸಾಹೇಬ್ರೇ, ಮೂವತ್ತೇಳು ಲಕ್ಷ ಅಂತ ಯಾರು ಬೇಕಾದ್ರೂ ಬಾಯಿಗೆ ಬಂದ ಹಾಗೆ ಹೇಳ್ತಾರೆ. ಆದ್ರೆ ಕೊನೇಲಿ ನೂರ ಮೂವತ್ತಾರು ಇದೆಯಲ್ಲ, ಅಲ್ಲಿ ನಂಬಿಕೆ ಬರುತ್ತೆ ನೋಡಿ."

"ಅದು ಲೆಕ್ಕದಲ್ಲಿ ಬಂದದ್ದು," ಅಂದರು ಸಾಹೇಬರು ವಿನಯದಿಂದ.

"ಅದನ್ನೇ ನಾನು ಹೇಳ್ತಿರೋದು! ಸುಳ್ಳು ಹೇಳೋನು ಸೊನ್ನೆಗೆ ನಿಲ್ಲಿಸ್ತಾನೆ. ನೂರ ಮೂವತ್ತಾರರವರೆಗೆ ಯಾಕೆ ಹೋಗ್ತಾನೆ?" ಗಾರ್ಡು ದನಿ ತಗ್ಗಿಸಿದರು. "ಅಷ್ಟು ದುಡ್ಡನ್ನ ಬರೀ ಹಗ್ಗದಲ್ಲಿ ಕಟ್ಟಿ ನೀರಲ್ಲಿ ಬಿಟ್ಟಿದ್ದೀರಲ್ಲಾ, ನಿದ್ದೆ ಹೇಗೆ ಬರುತ್ತೆ ನಿಮಗೆ?"

ಆ ನೂರ ಮೂವತ್ತಾರು ಊರೆಲ್ಲ ಓಡಾಡಿತು. ಮಂಗಳವಾರದ ಹೊತ್ತಿಗೆ ಪೋಸ್ಟ್‌ಮ್ಯಾನ್ ಎದ್ದುನಿಂತು ನಮಸ್ಕಾರ ಮಾಡತೊಡಗಿದ. ಗುರುವಾರ ಸಾಹೇಬರ ಬಾಮೈದ ಹಾಜರಾದ. ಅವನದು ಕಬ್ಬಿಣದ ಸಾಮಾನಿನ ಅಂಗಡಿ. ಅಕ್ಕನ ಮನೆಗೆ ವರ್ಷಕ್ಕೊಮ್ಮೆ ಬರುವವನು ಈ ಸಲ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಿದ್ದ.

"ಭಾವ, ಜ್ಞಾಪಕ ಇದೆಯಾ? ದೋಣಿ ತಗೊಂಡಾಗ ಲಂಗರು ಕೊಟ್ಟೋನು ನಾನು."

"ಇದೆಯಪ್ಪಾ. ಹದಿನೆಂಟು ಕಿಲೋ ಇನ್ನೂರು ಗ್ರಾಂ. ಅಂಗಡೀಲಿ ಯಾರೂ ತಗೊಳ್ಳದೆ ತುಕ್ಕು ಹಿಡೀತಿದೆ ಅಂತ ಕೊಟ್ಟಿದ್ದೆ."

"ತುಕ್ಕಿನ ಮಾತು ಬಿಡಿ. ಲಂಗರಿಲ್ದೆ ಇದ್ರೆ ಆ ದೋಣಿ ಇವತ್ತು ಎಲ್ಲಿರ್ತಿತ್ತು? ಸಮುದ್ರದ ಮಧ್ಯದಲ್ಲಿ! ಅಂದ್ರೆ ಮೂವತ್ತೇಳು ಲಕ್ಷ ಈ ಗೋಡೆ ಮೇಲೆ ನಿಂತಿರೋದು ಯಾವುದರ ಆಧಾರದಿಂದ? ನೀವೇ ಹೇಳಿ. ನಾನು ಪಾಲು ಕೇಳ್ತಿಲ್ಲ, ಪಾಲುದಾರ ಅನ್ನೋ ಮಾತೊಂದು ಇರ್ಲಿ ಅಂತ ಅಷ್ಟೆ."

"ಬಿಸ್ಕತ್ತು ತಿನ್ನು," ಅಂದರು ಅಕ್ಕ.

ಇಷ್ಟಕ್ಕೇ ನಿಂತಿದ್ದರೆ ಇದು ಮನೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಅದೇ ವಾರ ದೋಣಿಕಟ್ಟೆಯ ವಾರ್ಷಿಕ ಫಾರಂ ಬಂತು.

ಕಟ್ಟೆಯಲ್ಲಿ ದೋಣಿ ಕಟ್ಟುವವರೆಲ್ಲ ವರ್ಷಕ್ಕೊಮ್ಮೆ ಆ ಫಾರಂ ತುಂಬಬೇಕು. ಅದರ ಏಳನೆಯ ಕಾಲಂ, 'ದೋಣಿಯ ಬೆಲೆ'. ನಿಯಮದ ಪ್ರಕಾರ ಬಾಡಿಗೆ ಆ ಬೆಲೆಯ ನೂರಕ್ಕೊಂದು ಭಾಗ. ಆದರೆ ಕಟ್ಟೆಯ ಕೆಸರು ತುದಿಯಲ್ಲಿ, ಬಾತುಕೋಳಿಗಳ ನಡುವೆ ನಿಂತಿರುವ ಹಳೆಯ ದೋಣಿಗಳ ಯಜಮಾನರು ತಲೆತಲಾಂತರದಿಂದ ಆ ಕಾಲಮ್ಮಿನಲ್ಲಿ 'ಹಳೆಯದು' ಎಂದಷ್ಟೇ ಬರೆಯುತ್ತಿದ್ದರು. ಗುಮಾಸ್ತನೂ ಓದದೆ ಐದು ನೂರು ತೆಗೆದುಕೊಂಡು ಮುದ್ರೆ ಒತ್ತುತ್ತಿದ್ದ. ಸಾಹೇಬರೂ ಹತ್ತು ವರ್ಷ ಹಾಗೆಯೇ ಬರೆದಿದ್ದರು. ಬೆಲೆ ಗೊತ್ತಿಲ್ಲದಿದ್ದಾಗ 'ಹಳೆಯದು' ಎನ್ನುವುದು ಪ್ರಾಮಾಣಿಕ ಉತ್ತರವೇ. ಈಗ ಗೊತ್ತಾಗಿತ್ತಲ್ಲ. ಅವರು ಪೆನ್ನಿನ ಮೂತಿ ಒರೆಸಿ, ಅಷ್ಟೂ ಅಂಕಿಗಳನ್ನು ಬರೆದು, ಅಕ್ಷರದಲ್ಲೂ ಬರೆದು, 'ಮೇಲಿನ ವಿವರ ಸತ್ಯ' ಎಂಬ ಸಾಲಿನ ಕೆಳಗೆ ಹುದ್ದೆಸಮೇತ ಸಹಿ ಹಾಕಿದರು.

ಕಟ್ಟೆಯ ಗುಮಾಸ್ತ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಏಳನೆಯ ಕಾಲಂ ಓದಿದ. ಎದ್ದು ನಿಂತ. ಕೂತ. ಒಳಗೆ ಹೋಗಿ ನಿಯಮದ ಪುಸ್ತಕದ ಧೂಳು ಕೊಡವಿ ತಂದ. ಸಾಹೇಬರ ದೋಣಿಯನ್ನು ಆ ಮಧ್ಯಾಹ್ನವೇ ಬಾತುಕೋಳಿಗಳ ನಡುವಿನಿಂದ ಎಳೆತಂದು ಒಂದನೆಯ ಕಟ್ಟೆಗೆ, ಥಳಥಳ ಹೊಳೆಯುವ ದೊಡ್ಡವರ ದೋಣಿಗಳ ಸಾಲಿಗೆ ಕಟ್ಟಲಾಯಿತು. ಅಲ್ಲಿ ಅದು ಮದುವೆಮನೆಯ ಗುಂಪು ಫೋಟೋದಲ್ಲಿ ತಪ್ಪಿ ನಿಂತ ದಾರಿಹೋಕನಂತೆ ಕಾಣುತ್ತಿತ್ತು. ಬಾತುಕೋಳಿಗಳು ಮಾತ್ರ ಅಭ್ಯಾಸಬಲದಿಂದ ಹಿಂದೆಯೇ ಬಂದವು.

ಗುಮಾಸ್ತ ಅಲ್ಲಿಗೂ ಬಿಡಲಿಲ್ಲ. ಓದಲು ಶುರು ಮಾಡಿದ ಗುಮಾಸ್ತನನ್ನು ತಡೆಯುವವರಾರು? ಅದೇ ಕಾರ್ಖಾನೆಯ, ಅದೇ ಕಾಲದ, ಅದೇ ಉದ್ದದ ಇನ್ನೂ ಏಳು ದೋಣಿಗಳು ಕೆಸರು ತುದಿಯಲ್ಲಿರುವುದು ಅವನಿಗೆ ಕಂಡಿತು. ಇಲಾಖೆಯ ಅಧಿಕಾರಿಯೊಬ್ಬರೇ ಪ್ರಮಾಣೀಕರಿಸಿದ ಬೆಲೆ ಇರುವಾಗ ಇವು ಬೇರೆ ಬೆಲೆಯವು ಹೇಗಾಗುತ್ತವೆ? ಏಳು ಮಂದಿಗೂ ನೋಟೀಸು ಹೋಯಿತು: ಈ ವರ್ಷದ ಬಾಡಿಗೆ ಮೂವತ್ತೇಳು ಸಾವಿರದ ಮುನ್ನೂರ ಒಂದು; ತಪ್ಪಿದರೆ ತಿಂಗಳೊಳಗೆ ದೋಣಿ ತೆರವು. ಎಂಟನೆಯ ನೋಟೀಸು ಸಾಹೇಬರಿಗೇ ಬಂತು. ಅದು ಅವರ ಒಂದು ತಿಂಗಳ ಸಂಬಳಕ್ಕಿಂತ ಒಂಬತ್ತು ನೂರು ಹೆಚ್ಚು.

ಮರುದಿನ ಬೆಳಿಗ್ಗೆ ಏಳೂ ಮಂದಿ ಸಾಹೇಬರ ಮನೆಗೆ ಬಂದರು. ಮುಂದೆ ನಿಂತವನು ಬೇಕರಿಯವನು. ತೋಳಿನವರೆಗೂ ಹಿಟ್ಟು ಮೆತ್ತಿಕೊಂಡಿತ್ತು.

"ಸಾಹೇಬ್ರೇ, ಹೋದ ವರ್ಷ ನನ್ನ ಬ್ರೆಡ್‌ನಲ್ಲಿ ಹನ್ನೆರಡು ಗ್ರಾಂ ಕಡಿಮೆ ಅಂತ ದಂಡ ಹಾಕಿದ್ರಿ. ಕಟ್ಟಿದೆ. ತಪ್ಪು ತಪ್ಪೇ. ಈಗ ಹೇಳಿ, ನಿಮ್ಮ ದೋಣೀಲಿ ಎಷ್ಟು ಲಕ್ಷ ಜಾಸ್ತಿ?"

"ಲೆಕ್ಕದಲ್ಲಿ ತಪ್ಪಿಲ್ಲಪ್ಪಾ. ಮೂಲ ಬೆಲೆ ನಾಲ್ಕು ಲಕ್ಷ, ನೂರಕ್ಕೆ ಏಳರಂತೆ..."

"ಮೂವತ್ತಮೂರು ವರ್ಷದ ಹಿಂದೆ ನಮ್ಮಪ್ಪ ಮಾಡಿದ ಬ್ರೆಡ್ ಒಂದು ಉಳಿದಿದ್ರೆ, ಅದನ್ನ ಈಗ ಒಂಬತ್ತು ಪಟ್ಟು ಕೊಟ್ಟು ತಗೊಂಡು ತಿಂತೀರಾ?"

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ, "ತಿನ್ನಲ್ಲ. ತೂಗ್ತಾರೆ," ಅಂದರು.

ಎಲ್ಲರೂ ಸೇರಿ ಕಟ್ಟೆಯ ಕಚೇರಿಗೆ ನಡೆದರು. ಬೆಲೆಯನ್ನು ಹೊಡೆದುಹಾಕಿ 'ಹಳೆಯದು' ಎಂದು ಬರೆದುಕೊಡುತ್ತೇನೆಂದು ಸಾಹೇಬರು ಕೇಳಿಕೊಂಡರು. ಗುಮಾಸ್ತ ತಲೆಯಾಡಿಸಿದ.

"ಆಗಲ್ಲ ಸಾರ್. ಸತ್ಯ ಅಂತ ಸಹಿ ಹಾಕಿದ್ದೀರಿ. ಈಗ ಸುಳ್ಳು ಅಂದ್ರೆ ಸುಳ್ಳು ಘೋಷಣೆ ಆಗುತ್ತೆ. ನಿಮ್ಮ ಇಲಾಖೆಗೆ ಬರೀಬೇಕಾಗುತ್ತೆ. ಹುದ್ದೆ ಬೇರೆ ಬರೆದುಬಿಟ್ಟಿದ್ದೀರಿ." ಸಾಹೇಬರ ಮುಖ ನೋಡಿ ಅವನಿಗೇ ಅಯ್ಯೋ ಅನ್ನಿಸಿತು. ಪುಸ್ತಕ ತಿರುವಿದ. "ಒಂದೇ ದಾರಿ ಇದೆ. ನಿಯಮ ಹದಿನಾಲ್ಕು. ಬೆಲೆ ಬಗ್ಗೆ ತಕರಾರು ಬಂದ್ರೆ ದೋಣೀನ ಕಟ್ಟೆ ಮೇಲೆ ಬಹಿರಂಗ ಹರಾಜಿಗೆ ಇಡಬೇಕು. ಎಷ್ಟಕ್ಕೆ ನಿಲ್ಲುತ್ತೋ ಅದೇ ಬೆಲೆ. ಆ ಜಾತಿಯ ಎಲ್ಲಾ ದೋಣಿಗೂ ಅದೇ."

"ಆಮೇಲೆ ನನ್ನ ದೋಣಿ ನನಗೆ ವಾಪಸ್ಸು?"

"ಇಲ್ಲ ಸಾರ್. ಕೂಗಿದವರಿಗೆ ಕೊಡಲೇಬೇಕು. ಮಾಲೀಕರು ಕೂಗೋ ಹಾಗಿಲ್ಲ. ಇಲ್ದೇ ಇದ್ರೆ ಅದು ಹರಾಜು ಹೇಗಾಗುತ್ತೆ?"

ಸಾಹೇಬರು ಫಾರಂ ವಾಪಸ್ಸು ಎಳೆದುಕೊಳ್ಳಲು ಕೈ ಚಾಚಿದರು. ಆದರೆ ಬೇಕರಿಯವನು ಅವರ ತೋಳು ಹಿಡಿದು ಪಕ್ಕಕ್ಕೆ ಕರೆದ. "ಹೆದರ್ಬೇಡಿ. ನಾನು ಐದು ಸಾವಿರಕ್ಕೆ ಕೂಗ್ತೀನಿ. ಉಳಿದೋರು ಬಾಯಿ ಬಿಡಲ್ಲ. ಮಾರನೇ ದಿನ ಅದೇ ಐದು ಸಾವಿರ ಕೊಟ್ಟು ದೋಣಿ ತಗೊಂಡು ಹೋಗಿ. ನಿಮ್ಮ ಮರ್ಯಾದೆ ಉಳೀತು, ನಮ್ಮ ದೋಣಿ ಉಳೀತು. ನೀವು ಮಾಡ್ಬೇಕಾದ್ದು ಒಂದೇ ಕೆಲಸ. ಸುಮ್ಮನೆ ನಿಂತ್ಕೊಳ್ಳಿ. ಅಷ್ಟು ಮಾಡ್ತೀರಾ?"

"ಅದೇನು ದೊಡ್ಡ ಕೆಲಸ," ಅಂದರು ಸಾಹೇಬರು.

ಅವರ ಜೀವನದಲ್ಲೇ ಅದಕ್ಕಿಂತ ದೊಡ್ಡ ಕೆಲಸ ಬಂದಿರಲಿಲ್ಲ.

ಹರಾಜಿನ ಭಾನುವಾರ ಕಟ್ಟೆಯ ಮೇಲೆ ಜನ ನೆರೆದಿತ್ತು. ಗಾರ್ಡು ಹಸಿರು ಬಾವುಟವೊಂದನ್ನು ತಂದಿದ್ದರು, ಬೇಕಾದರೆ ಇರಲಿ ಎಂದು. ಬಾಮೈದ ತನ್ನ ಲಂಗರಿನ ಪಕ್ಕ ಕಾವಲು ನಿಂತಿದ್ದ. ಸಾಹೇಬರ ಹೆಂಡತಿ ಹೊಲಿಗೆಯ ಚೀಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಪಕ್ಕದ ಹೊಚ್ಚಹೊಸ ದೋಣಿಯಲ್ಲಿ ಕಣ್ಣಿನ ಡಾಕ್ಟರಮ್ಮ ಬಿಳಿ ಟೋಪಿ ಹಾಕಿಕೊಂಡು, ಒಳಗೆ ತುಂಬಿದ್ದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಹೊಸ ದೋಣಿ, ಎರಡನೆಯ ವರ್ಷಕ್ಕೇ ಸೋರುತ್ತಿತ್ತು.

"ಯಾರು ಕೂಗ್ತೀರಿ?" ಅಂದ ಗುಮಾಸ್ತ.

"ಐದು ಸಾವಿರ," ಅಂದ ಬೇಕರಿಯವನು ಆಕಳಿಸುತ್ತ.

"ಐದು ಸಾವಿರ ಒಂದನೇ ಸಲ..."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬೇಕರಿಯವನಿಗೆ ನಾಟಕ ಇನ್ನೂ ಸಹಜವಾಗಲಿ ಅನ್ನಿಸಿತು. "ಅದೂ ದಂಡಾನೇ ಬಿಡಿ," ಅಂದ ಸುತ್ತ ನೋಡುತ್ತ. "ಮಗುಚಿ ಹಾಕಿದ್ರೆ ಕೋಳಿಗೂಡಿಗೆ ಆಗಬಹುದು ಅಂತ ಕೇಳ್ತಿದ್ದೀನಿ."

ಸಾಹೇಬರ ಕಿವಿ ಕೆಂಪಾಯಿತು.

"ಕೋಳಿ ಕೂಡ ಒಳಗೆ ಹೋಗಲ್ಲ ಬಿಡಪ್ಪಾ," ಅಂತ ಹಿಂದಿನಿಂದ ಒಬ್ಬ ದನಿಗೂಡಿಸಿದ. "ಎಲ್ಲಿ ಕುಸಿದುಬೀಳುತ್ತೋ ಅಂತ."

"ಎರಡನೇ ಸಲ..."

"ಯಾವುದು ಕುಸಿಯೋದು?" ಸಾಹೇಬರ ದನಿ ಕಟ್ಟೆಯ ಆ ತುದಿಗೂ ಕೇಳಿಸಿತು. "ಯಾವುದಯ್ಯಾ ಕುಸಿಯೋದು?"

"ಸಾಹೇಬ್ರೇ," ಅಂದ ಬೇಕರಿಯವನು ಹಲ್ಲು ಕಚ್ಚಿ, "ಸುಮ್ಮನೆ..."

"ಏನು ಸುಮ್ಮನೆ! ಇಲ್ಲಿ ಬಾ, ಕೈಯಿಟ್ಟು ನೋಡು!" ಸಾಹೇಬರು ದೋಣಿಯ ಪಕ್ಕೆಗೆ ಗುದ್ದಿದರು. ಅದು ಬಾಗಿಲು ಬಡಿದ ಹಾಗೆ ದಪ್ಪಗೆ ಸದ್ದು ಮಾಡಿತು. "ಹದಿನಾಲ್ಕು ಮಿಲಿಮೀಟರ್ ದಪ್ಪದ ಫೈಬರ್! ಹೊಸ ದೋಣಿಗಳು ಐದು ಇದ್ರೆ ಹೆಚ್ಚು. ಯಾಕೆ ಗೊತ್ತಾ? ಇದನ್ನ ಮಾಡಿದ ಕಾಲದಲ್ಲಿ ಫೈಬರ್ ಎಷ್ಟು ತೆಳ್ಳಗೆ ಹಾಕಿದ್ರೆ ಸಾಕು ಅಂತ ಕಾರ್ಖಾನೆಯೋರಿಗೇ ಗೊತ್ತಿರಲಿಲ್ಲ. ಎಲ್ಲಿ ಒಡೆದುಹೋಗುತ್ತೋ ಅಂತ ಹೆದರಿ ಹೆದರಿ ಪದರದ ಮೇಲೆ ಪದರ ಹಾಕಿದ್ರು. ಗೊತ್ತಿಲ್ದೆ ಮಾಡಿದ್ದಕ್ಕೇ ಗಟ್ಟಿಯಾಯ್ತು ಇದು! ನಾನು ತಗೊಂಡ ಹನ್ನೊಂದು ವರ್ಷದಲ್ಲಿ ಒಂದು ಲೋಟ ನೀರು ಒಳಗೆ ಬಂದಿಲ್ಲ. ಬಂದಿದ್ರೆ ನಾನು ಅಳೆದಿರ್ತಿದ್ದೆ!"

ಪಕ್ಕದ ದೋಣಿಯಲ್ಲಿ ಡಾಕ್ಟರಮ್ಮ ಬಕೆಟ್ಟು ಕೆಳಗಿಟ್ಟರು.

"ಒಂದು ಲೋಟವೂ ಬಂದಿಲ್ವಾ?" ಅಂದರು ಅವರು.

"ಇಲ್ಲ ಮೇಡಂ," ಅಂದರು ಸಾಹೇಬರು ಹೆಮ್ಮೆಯಿಂದ. ಬೇಕರಿಯವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ನಲವತ್ತು ಸಾವಿರ," ಅಂದರು ಡಾಕ್ಟರಮ್ಮ.

ಆಗ ಸಾಹೇಬರಿಗೆ ತಾವೇನು ಮಾಡಿದೆವೆಂಬುದು ತಿಳಿಯಿತು. ಬೇಕರಿಯವನ ಜೇಬಿನಲ್ಲಿ ಐದು ಸಾವಿರಕ್ಕಿಂತ ಒಂದು ಕಾಸೂ ಹೆಚ್ಚಿರಲಿಲ್ಲ. ಏಳೂ ಮಂದಿ ಜೇಬು ತಡಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಡಂ, ಹಾಯಿಗೆ ಹದಿನಾಲ್ಕು ತೇಪೆ ಇದೆ," ಅಂದರು ಸಾಹೇಬರು. "ಒಳಗೆ ಎಲ್ಲೋ ಒಂದು ಏಡಿ ಸತ್ತಿದೆ. ವಾಸನೆ..."

"ತೇಪೆ ನೋಡಿದೆ, ಚೆನ್ನಾಗಿ ಹೊಲಿದಿದ್ದಾರೆ. ಏಡಿ ಪರವಾಗಿಲ್ಲ."

"ನಲವತ್ತು ಸಾವಿರ ಒಂದನೇ ಸಲ," ಅಂದ ಗುಮಾಸ್ತ. "ಎರಡನೇ ಸಲ..."

ಸಾಹೇಬರು ಬಾತುಕೋಳಿಗಳ ಕಡೆ ನೋಡಿದರು. ಅವು ಸಹಾಯ ಮಾಡುವಂತೆ ಕಾಣಲಿಲ್ಲ.

"ನಲವತ್ತೈದು," ಅಂತ ಬೆಂಚಿನ ಕಡೆಯಿಂದ ಒಂದು ದನಿ ಬಂತು.

ಎಲ್ಲರೂ ತಿರುಗಿದರು. ಸಾಹೇಬರ ಹೆಂಡತಿ ಎದ್ದು ನಿಂತಿದ್ದರು.

"ಅಕ್ಕಾ!" ಅಂದ ಬಾಮೈದ. "ಹನ್ನೊಂದು ವರ್ಷದಿಂದ ಈ ದೋಣಿ ಮುಳುಗ್ಲಿ ಅಂತಿದ್ದೋಳು ನೀನು!"

"ಸುಮ್ನಿರು."

ಗುಮಾಸ್ತ ಅವಸರದಿಂದ ಪುಸ್ತಕ ತಿರುವಿದ. "ಮಾಲೀಕರು ಕೂಗಬಾರದು ಅಂತಿದೆ. ಮಾಲೀಕರ ಹೆಂಡತಿ ಬಗ್ಗೆ ಏನೂ ಬರೆದಿಲ್ಲ. ಕೂಗಬಹುದು."

"ಐವತ್ತು," ಅಂದರು ಡಾಕ್ಟರಮ್ಮ.

"ಐವತ್ತೈದು."

"ಅರವತ್ತು."

ಹೆಂಡತಿ ಹೊಲಿಗೆಯ ಚೀಲದೊಳಗೆ ಕೈ ಹಾಕಿ, ಬಟ್ಟೆ ಒಗೆಯುವ ಮಷೀನಿಗೆಂದು ಮೂರು ವರ್ಷದಿಂದ ಪರದೆ ಹೊಲಿದು ಕೂಡಿಸಿದ್ದ ಹಣದ ಗಂಟನ್ನು ಬೆರಳಲ್ಲೇ ಅಂದಾಜು ಮಾಡಿದರು. ಗಂಡನ ಮುಖ ಒಮ್ಮೆ ನೋಡಿದರು.

"ಅರವತ್ತು ಸಾವಿರದ ನೂರ ಮೂವತ್ತಾರು."

ಡಾಕ್ಟರಮ್ಮ ಟೋಪಿ ತೆಗೆದರು. "ನೂರ ಮೂವತ್ತಾರು ಎಲ್ಲಿಂದ ಬಂತು?"

"ಲೆಕ್ಕದಲ್ಲಿ ಬಂತು."

ಡಾಕ್ಟರಮ್ಮ ತಮ್ಮಲ್ಲೇ ತರ್ಕ ಮಾಡಿದರು. ಸುಮ್ಮನೆ ಏರಿಸುವವರ ಎದುರು ಏರಿಸಬಹುದು. ನೂರ ಮೂವತ್ತಾರರವರೆಗೆ ಲೆಕ್ಕ ಹಾಕಿಕೊಂಡು ಬಂದವರಿಗೆ ದೋಣಿಯ ನಿಜವಾದ ಬೆಲೆ ಗೊತ್ತಿರಲೇಬೇಕು. ಅದಕ್ಕಿಂತ ಹೆಚ್ಚು ಕೊಟ್ಟವರು ಪೆದ್ದರು. "ನಿಮಗೇ ಇರಲಿ," ಅಂದು ಅವರು ಬಕೆಟ್ಟು ಎತ್ತಿಕೊಂಡರು.

"ಮೂರನೇ ಸಲ!" ಅಂದ ಗುಮಾಸ್ತ. ಗಾರ್ಡು ಬಾವುಟ ಬೀಸಿದರು.

ಎಂಟು ದೋಣಿಗಳ ಬಾಡಿಗೆ ತಲಾ ಆರು ನೂರ ಒಂದಕ್ಕೆ ಇಳಿಯಿತು. ಹೋದ ವರ್ಷಕ್ಕಿಂತ ನೂರ ಒಂದು ಹೆಚ್ಚಾಯಿತಲ್ಲ ಎಂದು ಏಳೂ ಮಂದಿ ಮನೆ ಮುಟ್ಟುವವರೆಗೂ ಗೊಣಗಿದರು. ಅಂದರೆ ಅವರು ಸಂತೋಷವಾಗಿದ್ದರು. ಬಾಮೈದ ಗಂಟಲು ಸರಿಮಾಡಿಕೊಂಡು, "ಅಕ್ಕಾ, ಆ ಲಂಗರಿನ ವಿಷಯ..." ಎಂದು ಶುರು ಮಾಡಿದ. "ತಗೊಂಡು ಹೋಗೋ," ಅಂದರು ಅಕ್ಕ. "ನಿನ್ನ ಪಾಲು ನಿನಗೆ." ಹದಿನೆಂಟು ಕಿಲೋ ಇನ್ನೂರು ಗ್ರಾಂ ಲಂಗರನ್ನು ತೊಡೆಯ ಮೇಲಿಟ್ಟುಕೊಂಡು ಅವನು ಬಸ್ಸಿನಲ್ಲಿ ಊರಿಗೆ ಹೋದ. ಕಂಡಕ್ಟರು ಅದಕ್ಕೂ ಟಿಕೆಟ್ಟು ಹರಿದ.

ಮನೆಗೆ ಬಂದ ಕೂಡಲೇ ಹೆಂಡತಿ ಕೈ ಚಾಚಿದರು. "ದೋಣಿ ಮಾರಿದ ದುಡ್ಡು ಇಲ್ಲಿ ಕೊಡಿ. ನಾಳೆ ಮಷೀನ್ ತಗೋಬೇಕು."

ಸಾಹೇಬರು ಕೊಟ್ಟರು. ದೋಣಿಯೂ ಆಕೆಯದು, ದುಡ್ಡೂ ಆಕೆಯದು, ಮಷೀನೂ ಆಕೆಯದು. ಈ ಲೆಕ್ಕವನ್ನು ಅವರು ಎರಡು ಸಲ ಹಾಕಿ ನೋಡಿದರು, ಎರಡು ಸಲವೂ ತಮ್ಮ ಪಾಲಿಗೆ ಸೊನ್ನೆಯೇ ಬಂತು.

"ಒಂದು ಕೇಳ್ಲಾ?" ಅಂದರು ಕೊನೆಗೆ. "ಅದನ್ನ ಕಂಡ್ರೆ ಆಗದವಳು ನೀನು. ಯಾಕೆ ಕೂಗಿದೆ?"

"ಹೋದ ವರ್ಷ ದೋಣಿಗೆ ಬಣ್ಣ ಹೊಡೀಬೇಕು ಅಂತ ಮೇಲೆತ್ತಿದ್ರಲ್ಲ, ಆ ಎರಡು ಭಾನುವಾರ ಜ್ಞಾಪಕ ಇದೆಯಾ?"

ಸಾಹೇಬರಿಗೆ ಇತ್ತು. ಮೊದಲ ಭಾನುವಾರ ಮನೆಯಲ್ಲೇ ಉಳಿದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೂಗಿ, ಒಂದೊಂದರ ಮೇಲೂ ಖಾಲಿ ತೂಕ, ತುಂಬಿದ ತೂಕ ಎಂದು ಚೀಟಿ ಅಂಟಿಸಿದ್ದರು. ಎರಡನೆಯ ಭಾನುವಾರ ಹೆಂಡತಿಯ ಹೊಲಿಗೆಯ ಟೇಪನ್ನು ಇಲಾಖೆಯ ಉಕ್ಕಿನ ಪಟ್ಟಿಯ ಪಕ್ಕ ಹಿಡಿದು, ಅದು ಮೀಟರಿಗೆ ಮೂರು ಮಿಲಿಮೀಟರ್ ಹೆಚ್ಚೆಂದು ಪತ್ತೆ ಮಾಡಿ, 'ಅಂದ್ರೆ ಊರಲ್ಲಿ ನೀನು ಹೊಲಿದ ಪರದೆಗಳೆಲ್ಲ...' ಎಂದು ಶುರು ಮಾಡಿದ್ದರು. ಆ ವಾಕ್ಯ ಇವತ್ತಿಗೂ ಪೂರ್ತಿಯಾಗಿಲ್ಲ.

"ವರ್ಷಕ್ಕೆ ಐವತ್ತೆರಡು ಭಾನುವಾರ," ಅಂದರು ಹೆಂಡತಿ. "ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನನ್ನ ಮನೇಲಿ ಯಾರೂ ಏನೂ ತೂಗಲ್ಲ. ಅದಕ್ಕೆ ಮೂವತ್ತೇಳು ಲಕ್ಷ ಕೇಳಿದ್ರೂ ಒಂದು ಸಲ ಯೋಚನೆ ಮಾಡ್ತಿದ್ದೆ."

ಗೋಡೆಯ ಮೇಲಿನ ಕಟ್ಟಿನಲ್ಲಿ ಈಗ ಹರಾಜಿನ ರಸೀದಿ ಇದೆ, ಆಕೆಯ ಹೆಸರಿನಲ್ಲಿ. ದೋಣಿ ಮತ್ತೆ ಬಾತುಕೋಳಿಗಳ ನಡುವೆ ನಿಂತಿದೆ. ಸಾಹೇಬರು ಪ್ರತಿ ಭಾನುವಾರ ಮಾಲೀಕರ ಅಪ್ಪಣೆ ಪಡೆದು, ಎಂಟಕ್ಕೆ ಸರಿಯಾಗಿ ಹೊರಡುತ್ತಾರೆ.

ಮೊನ್ನೆ ಗಾಳಿ ಸರಿಯಿಲ್ಲವೆಂದು ಸಂಜೆ ನಾಲ್ಕಕ್ಕೇ ಬಂದು ಬಾಗಿಲು ತಟ್ಟಿದರು. ಹೆಂಡತಿ ಬಾಗಿಲು ಅರ್ಧ ತೆರೆದು ಗಡಿಯಾರ ನೋಡಿದರು.

"ಒಂದು ಗಂಟೆ ತೂಕ ಕಡಿಮೆ ಇದೆ," ಅಂದರು. "ಪೂರ್ತಿ ಮಾಡ್ಕೊಂಡು ಬನ್ನಿ."

ಸಾಹೇಬರು ಕೈಗಡಿಯಾರ ನೋಡಿಕೊಂಡರು. ನಿಜವಾಗಿಯೂ ಕಡಿಮೆಯಿತ್ತು. ಕಟ್ಟೆಯ ಕಡೆ ತಿರುಗಿದರು.